37ರಲ್ಲೇ ನಿಂತುಹೋದ ಎಣಿಕೆ

ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕೆ ಒಂದು ಚಿಕ್ಕ ಆಡ್‌ಆನ್ (ಆಟಕ್ಕೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬರೆಯುತ್ತಿದ್ದೇನೆ. ಆಟದಲ್ಲಿ ಕಿತ್ತ ಗಿಡಮೂಲಿಕೆಗಳನ್ನು ಎಣಿಸುವುದಷ್ಟೇ ಅದರ ಕೆಲಸ. ಎಣಿಕೆ ಉಳಿಯಲೆಂದು ‘ಹರ್ಬ್‌ಡಿಬಿ’ ಎಂಬ ಟೇಬಲ್ಲನ್ನು (ಹೆಸರು-ಬೆಲೆಗಳ ಪಟ್ಟಿಯನ್ನು) ಆಡ್‌ಆನಿನ ವಿವರಗಳಿರುವ ಟಿಓಸಿ ಫೈಲಿನ ಸೇವ್ಡ್‌ವೇರಿಯಬಲ್ಸ್ ಸಾಲಿನಲ್ಲಿ ಹೆಸರಿಸಿದ್ದೇನೆ. ಲುವಾ ಭಾಷೆಯ ಕೋಡ್ ಫೈಲಿನ ಮೊದಲ ಸಾಲುಗಳು ಹೀಗಿವೆ:

ಹರ್ಬ್‌ಡಿಬಿ = ಹರ್ಬ್‌ಡಿಬಿ ಆರ್ {}
ಲೋಕಲ್ ಡಿಬಿ = ಹರ್ಬ್‌ಡಿಬಿ
ಡಿಬಿ.ಎಣಿಕೆ = ಡಿಬಿ.ಎಣಿಕೆ ಆರ್ 0
ಡಿಬಿ.ಸದ್ದು = ಡಿಬಿ.ಸದ್ದು ಆರ್ ಟ್ರೂ

ಮೊದಲ ದಿನ 37 ಎಣಿಸಿತು, ಉಳಿಯಿತು. ಅಂದಿನಿಂದ ಪ್ರತಿ ಲಾಗಿನ್‌ನಲ್ಲೂ ಪರದೆಯ ಮೇಲೆ ಸೊನ್ನೆಯಿಂದಲೇ ಆರಂಭ. ಉಳಿಸಿದ ಫೈಲಿನಲ್ಲಿ ಮಾತ್ರ 37 ಹಾಗೆಯೇ ಇದೆ. ಆಫ್ ಮಾಡಿದ ಸದ್ದು ಕೂಡ ಮತ್ತೆ ಆನ್ ಆಗುತ್ತದೆ. ದೋಷ ಸಂದೇಶ ಒಂದೂ ಬರುವುದಿಲ್ಲ.

ಉತ್ತರ: ನೀವು ಉಳಿಸಿದ ಫೈಲನ್ನು ತೆರೆದು ನೋಡಿದ್ದು ತುಂಬ ಒಳ್ಳೆಯದಾಯಿತು. ಪರದೆಯಲ್ಲಿ ಸೊನ್ನೆ, ಫೈಲಿನಲ್ಲಿ 37 ಎಂದರೆ ನಿಮ್ಮ ಬಳಿ ಇರುವುದು ಒಂದು ಟೇಬಲ್ ಅಲ್ಲ, ಎರಡು.

ಕ್ಲೈಂಟ್, ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವ ಆಟದ ಪ್ರೋಗ್ರಾಂ, ಆಡ್‌ಆನನ್ನು ಏರಿಸುವ ಕ್ರಮ ಹೀಗಿದೆ. ಮೊದಲು ನಿಮ್ಮ ಕೋಡ್ ಫೈಲುಗಳನ್ನು ಮೇಲಿನಿಂದ ಕೆಳಗಿನವರೆಗೆ ನಡೆಸುತ್ತದೆ. ಆಮೇಲೆ ಉಳಿಸಿದ ವೇರಿಯಬಲ್‌ಗಳನ್ನು ಓದುತ್ತದೆ. ಅದಾದ ಮೇಲೆ ‘ಆಡ್‌ಆನ್ ಲೋಡೆಡ್’ ಘಟನೆಯನ್ನು ಕಳುಹಿಸುತ್ತದೆ. ಹಾಗಾಗಿ ನಿಮ್ಮ ಮೊದಲ ಸಾಲು ನಡೆಯುವ ಹೊತ್ತಿಗೆ ಹರ್ಬ್‌ಡಿಬಿ ಯಾವಾಗಲೂ ನಿಲ್, ಅಂದರೆ ಬೆಲೆಯೇ ಇಲ್ಲದ್ದು. ಅಲ್ಲಿರುವ ‘ಆರ್’ನಿಂದ ಪ್ರತಿ ಸಲವೂ ಹೊಸ ಖಾಲಿ ಟೇಬಲ್ ಹುಟ್ಟುತ್ತದೆ, ‘ಡಿಬಿ’ ಅದನ್ನು ಹಿಡಿದುಕೊಳ್ಳುತ್ತದೆ. ಮರುಕ್ಷಣವೇ ಕ್ಲೈಂಟ್ ಹಳೆಯ ಫೈಲನ್ನು ಓದಿ, 37 ಇರುವ ಇನ್ನೊಂದು ಟೇಬಲ್ಲನ್ನು ಹರ್ಬ್‌ಡಿಬಿ ಎಂಬ ಹೆಸರಿಗೆ ಕಟ್ಟುತ್ತದೆ. ‘ಡಿಬಿ’ಗೆ ಇದರ ಸುಳಿವೇ ಇಲ್ಲ. ನೀವು ಕಿತ್ತ ಮೂಲಿಕೆಗಳೆಲ್ಲ ಆ ಅನಾಥ ಟೇಬಲ್ಲಿಗೆ ಸೇರುತ್ತವೆ. ಲಾಗ್‌ಔಟ್ ಆಗುವಾಗ ಫೈಲಿಗೆ ಹೋಗುವುದು ಮಾತ್ರ ಹರ್ಬ್‌ಡಿಬಿ. ಮೊದಲ ದಿನ ಓದಲು ಹಳೆಯ ಫೈಲೇ ಇರಲಿಲ್ಲವಾದ್ದರಿಂದ ಎರಡೂ ಹೆಸರು ಒಂದೇ ಟೇಬಲ್ಲಿಗೆ ಸೇರಿದ್ದವು, ಲೆಕ್ಕ ಉಳಿಯಿತು. ಇಂತಹ ದೋಷ ಹೊಸ ಬಳಕೆದಾರರಿಗೆ ಕಾಣದೆ ಎರಡನೆಯ ಲಾಗಿನ್‌ನಲ್ಲಿ ತಲೆ ಎತ್ತುವುದು ಇದೇ ಕಾರಣಕ್ಕೆ.

ನನ್ನ ಮಾತನ್ನು ನಂಬಬೇಕಿಲ್ಲ, ಪರೀಕ್ಷಿಸಿ. ಎಣಿಸುವ ಫಂಕ್ಷನ್ನಿನೊಳಗೆ ಡಿಬಿ ಮತ್ತು ಹರ್ಬ್‌ಡಿಬಿ ಸಮವೇ ಎಂದು ಪ್ರಿಂಟ್ ಮಾಡಿಸಿ. ಲುವಾದಲ್ಲಿ ಎರಡು ಟೇಬಲ್‌ಗಳು ಸಮವಾಗುವುದು ಅವು ಒಂದೇ ಟೇಬಲ್ ಆಗಿದ್ದರೆ ಮಾತ್ರ. ‘ಫಾಲ್ಸ್’ ಎಂದು ಬಂದರೆ ಕಳ್ಳ ಸಿಕ್ಕಂತೆ.

ಪರಿಹಾರ ದೊಡ್ಡದಲ್ಲ. ಫೈಲಿನ ತಲೆಯಲ್ಲಿ ‘ಲೋಕಲ್ ಡಿಬಿ’ ಎಂದು ಬೆಲೆ ಕೊಡದೆ ಘೋಷಿಸಿ ಬಿಡಿ. ಉಳಿದ ಸಾಲುಗಳನ್ನೆಲ್ಲ ‘ಆಡ್‌ಆನ್ ಲೋಡೆಡ್’ ಘಟನೆಯನ್ನು ನಿಭಾಯಿಸುವ ಫಂಕ್ಷನ್ನಿಗೆ ಸಾಗಿಸಿ. ಈ ಘಟನೆ ಬೇರೆ ಆಡ್‌ಆನ್‌ಗಳು ಏರಿದಾಗಲೂ ಬರುತ್ತದೆ, ಆದ್ದರಿಂದ ಜೊತೆಗೆ ಬರುವ ಹೆಸರು ನಿಮ್ಮದೇ ಎಂದು ನೋಡಿಕೊಂಡು ಮುಂದುವರಿಯಿರಿ. ಸಾಗಿಸುವಾಗ ಎಚ್ಚರ ಬೇಕಾದ ಜಾಗ ಒಂದಿದೆ: ಫಂಕ್ಷನ್ನಿನೊಳಗೆ ‘ಡಿಬಿ = ಹರ್ಬ್‌ಡಿಬಿ’ ಎಂದಷ್ಟೇ ಬರೆಯಿರಿ. ಅಲ್ಲಿ ಮತ್ತೆ ‘ಲೋಕಲ್’ ಸೇರಿಸಿದರೆ ಅದೇ ಹೆಸರಿನ ಹೊಸ ವೇರಿಯಬಲ್ ಹುಟ್ಟಿ, ಫಂಕ್ಷನ್ ಮುಗಿಯುತ್ತಲೇ ಇಲ್ಲವಾಗುತ್ತದೆ, ಮೇಲಿನ ಡಿಬಿ ನಿಲ್ ಆಗಿಯೇ ಉಳಿಯುತ್ತದೆ. ಮೇಲಿನ ಘೋಷಣೆಯೂ ಅದನ್ನು ಬಳಸುವ ಎಲ್ಲ ಫಂಕ್ಷನ್‌ಗಳಿಗಿಂತ ಮೊದಲೇ ಇರಬೇಕು. ಕೆಳಗಿದ್ದರೆ ಆ ಫಂಕ್ಷನ್‌ಗಳು ಡಿಬಿ ಎಂಬ ಗ್ಲೋಬಲ್ಲನ್ನು (ಎಲ್ಲ ಫೈಲುಗಳಿಗೂ ಕಾಣುವ ಹೆಸರನ್ನು) ಹುಡುಕುತ್ತವೆ. ಹರ್ಬ್‌ಡಿಬಿಯನ್ನಂತೂ ಎಂದೂ ಲೋಕಲ್ ಮಾಡಬೇಡಿ. ಕ್ಲೈಂಟ್ ಉಳಿಸುವುದು ಗ್ಲೋಬಲ್ ಹೆಸರುಗಳನ್ನು ಮಾತ್ರ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಿಲ್ ಟೇಬಲ್ಲಿನೊಳಗೆ ಕೈಹಾಕಿದಾಗ ಬರುವ ದೋಷ ಸಂದೇಶವನ್ನು ಅಡಗಿಸಲು ಫೈಲಿನ ತಲೆಯಲ್ಲೇ ‘ಆರ್ {}’ ಸೇರಿಸುವ ಅಭ್ಯಾಸ ಹಲವರಿಗಿದೆ. ಆ ಸಂದೇಶ ‘ಈ ಸಾಲು ಅವಸರದಲ್ಲಿ ನಡೆಯಿತು’ ಎಂದು ನಿಮಗೆ ಹೇಳುತ್ತಿರುತ್ತದೆ. ಅದರ ಬಾಯಿ ಮುಚ್ಚಿಸಿದರೆ ದೋಷ ಹೋಗುವುದಿಲ್ಲ, ದತ್ತಾಂಶ ಹೋಗುತ್ತದೆ. ಈ ನಡುವಿನ ದಿನಗಳ ನಿಮ್ಮ ಎಣಿಕೆ ಹೀಗೆಯೇ ಕಳೆದುಹೋಗಿದೆ. ಅದನ್ನು ಮರಳಿ ಪಡೆಯಲಾಗದು. ಆಟ ನಡೆಯುತ್ತಿರುವಾಗ ಉಳಿಸಿದ ಫೈಲನ್ನು ಕೈಯಿಂದ ತಿದ್ದಿ ಸರಿಪಡಿಸಲೂ ಹೋಗಬೇಡಿ, ಲಾಗ್‌ಔಟ್‌ನಲ್ಲಿ ಕ್ಲೈಂಟ್ ಅದರ ಮೇಲೆ ಮತ್ತೆ ಬರೆಯುತ್ತದೆ.

ಸದ್ದಿನ ತೊಂದರೆ ಇಷ್ಟಕ್ಕೇ ಹೋಗುವುದಿಲ್ಲ, ಅದಕ್ಕೆ ತನ್ನದೇ ದೋಷವಿದೆ. ‘ಆರ್’ ಎಡಬದಿಯ ಬೆಲೆ ನಿಲ್ ಆಗಿದ್ದರೂ ಫಾಲ್ಸ್ ಆಗಿದ್ದರೂ ಬಲಬದಿಯದನ್ನು ಎತ್ತಿಕೊಳ್ಳುತ್ತದೆ. ನೀವು ಆಫ್ ಮಾಡಿ ಉಳಿಸಿದ ಫಾಲ್ಸ್ ಮುಂದಿನ ಲಾಗಿನ್‌ನಲ್ಲಿ ಟ್ರೂ ಆಗುವುದು ಹೀಗೆ. ಆ ಸಾಲನ್ನು ತೆಗೆದು, ಡಿಬಿ.ಸದ್ದು ನಿಲ್‌ಗೆ ಸಮವಾಗಿದ್ದರೆ ಮಾತ್ರ ಟ್ರೂ ಇಡುವಂತೆ ‘ಇಫ್’ ಬರೆಯಿರಿ. ಎಣಿಕೆಯ ‘ಆರ್ 0’ ಹಾಗೆಯೇ ಇರಲಿ. ಲುವಾದಲ್ಲಿ ಸೊನ್ನೆಯೂ ಟ್ರೂ ಎಂದೇ ಲೆಕ್ಕ, ಆ ಸಾಲಿನಿಂದ ಏನೂ ಕೆಡುವುದಿಲ್ಲ.