ಚೆಕ್‌ಸಮ್‌ನ ಬಾಯಿ ಮುಚ್ಚಿಸಬೇಡಿ

ಈ ಸಲದ ಪ್ರಶ್ನೆಗಳೆಲ್ಲ ಫ್ರೀಬಿಎಸ್‌ಡಿ ಪೋರ್ಟ್‌ಗಳನ್ನು ನೋಡಿಕೊಳ್ಳುವವರಿಂದ ಬಂದಿವೆ. ಫ್ರೀಬಿಎಸ್‌ಡಿ ಒಂದು ಆಪರೇಟಿಂಗ್ ಸಿಸ್ಟಂ. ಒಂದು ತಂತ್ರಾಂಶದ ಮೂಲ ಕೋಡ್ ಇಳಿಸಿ ಅದರಲ್ಲಿ ಕಟ್ಟಲು ಬೇಕಾದ ಸೂಚನೆಗಳ ಕಟ್ಟೇ ಪೋರ್ಟ್. ಆ ಸೂಚನೆಗಳಿರುವ ಮೇಕ್‌ಫೈಲ್ ಬರೆಯುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಪೋರ್ಟರ್ಸ್ ಹ್ಯಾಂಡ್‌ಬುಕ್ ಇದೆ, ಓದಿಕೊಂಡು ಬನ್ನಿ.

ಪ್ರಶ್ನೆ: ನನ್ನ ಪೋರ್ಟ್ ನಿನ್ನೆಯವರೆಗೂ ಸರಿಯಾಗಿ ಬಿಲ್ಡ್ ಆಗುತ್ತಿತ್ತು. ಇವತ್ತು ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೊಂದುತ್ತಿಲ್ಲ ಅಂತ ನಿಂತುಬಿಟ್ಟಿದೆ. ಆವೃತ್ತಿ ಬದಲಾಗಿಲ್ಲ. ‘ಮೇಕ್ ಮೇಕ್‌ಸಮ್’ ಓಡಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಓಡಿಸಲಾ?

ಬೇಡ. ಎಷ್ಟು ಸಲ ಕೇಳಿದರೂ ಇದಕ್ಕೆ ನನ್ನ ಉತ್ತರ ಇದೇ. ಮೇಕ್‌ಸಮ್ ಏನನ್ನೂ ಸರಿಮಾಡುವುದಿಲ್ಲ. ಈಗ ಇಳಿದಿರುವ ಫೈಲ್ ಎಂಥದ್ದೇ ಇರಲಿ, ಅದರ ಎಸ್‌ಎಚ್‌ಎ-256 ಚೆಕ್‌ಸಮ್ ಮತ್ತು ಗಾತ್ರವನ್ನು ಪೋರ್ಟಿನ ಡಿಸ್ಟ್‌ಇನ್ಫೋ ಫೈಲಿನಲ್ಲಿ ಬರೆದಿಡುತ್ತದೆ, ಅಷ್ಟೇ. ಬಾಗಿಲಿಗೆ ಬಂದವನನ್ನೇ ಕೇಳಿ ಅವನ ಗುರುತಿನ ಚೀಟಿ ಬರೆದುಕೊಟ್ಟ ಹಾಗೆ. ಪೋರ್ಟಿನ ಮೇಂಟೇನರ್ (ಹೊಣೆಗಾರ) ಸಾಲಿನಲ್ಲಿ ಇರುವುದು ನಿಮ್ಮ ಹೆಸರು. ನೋಡದ ಫೈಲನ್ನು ನೋಡಿದ್ದೇನೆ ಎಂದು ಎಲ್ಲರಿಗೂ ಹೇಳಿದಂತಾಗುತ್ತದೆ.

ಮೊದಲು ಗಾತ್ರ ನೋಡಿ. ಮೆಗಾಬೈಟ್‌ಗಟ್ಟಲೆ ಇರಬೇಕಾದ ಟಾರ್‌ಬಾಲ್ (ಮೂಲ ಕೋಡಿನ ಕುಗ್ಗಿಸಿದ ಕಟ್ಟು) ಕೆಲವೇ ಕಿಲೋಬೈಟ್ ಇದ್ದರೆ ಅದರ ಮೇಲೆ ‘ಫೈಲ್’ ಕಮಾಂಡ್ ಓಡಿಸಿ. ಎಚ್‌ಟಿಎಂಎಲ್ ಎಂದು ತೋರಿಸಿದರೆ ನಿಮಗೆ ಸಿಕ್ಕಿರುವುದು ಸರ್ವರ್‌ನ ಎರರ್ ಪುಟ. ಅಳಿಸಿ, ಮತ್ತೆ ಇಳಿಸಿಕೊಳ್ಳಿ. ಮುಗಿಯಿತು.

ಗಾತ್ರ ಹೆಚ್ಚುಕಡಿಮೆ ಸರಿಯಿದೆಯಾ? ಹಾಗಾದರೆ ಹಳೆಯ ಟಾರ್‌ಬಾಲ್ ಹುಡುಕಿ. ನಿಮ್ಮ ಡಿಸ್ಟ್‌ಫೈಲ್ಸ್ ಫೋಲ್ಡರಿನಲ್ಲಿ ಇರಬಹುದು, ಇಲ್ಲದಿದ್ದರೆ ಇಂಥ ಫೈಲ್‌ಗಳ ನಕಲು ಇಡುವ ಫ್ರೀಬಿಎಸ್‌ಡಿಯ ಡಿಸ್ಟ್‌ಕ್ಯಾಶ್‌ನಲ್ಲಿ ನೋಡಿ. ಎರಡನ್ನೂ ಬೇರೆ ಬೇರೆ ಕಡೆ ಬಿಚ್ಚಿ, ವ್ಯತ್ಯಾಸ ತೋರಿಸುವ ‘ಡಿಫ್’ ಹಾಕಿ. ಏನೂ ವ್ಯತ್ಯಾಸ ಕಾಣದಿದ್ದರೆ ಬದಲಾಗಿರುವುದು ಕಟ್ಟುವ ಅಥವಾ ಕುಗ್ಗಿಸುವ ವಿಧಾನ ಮಾತ್ರ. 2023ರ ಜನವರಿ 30ರಂದು ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಆಗಿದ್ದು ಇದೇ. ಅದು ಬಳಸುವ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) 2.38ನೇ ಆವೃತ್ತಿಯಲ್ಲಿ, ಕುಗ್ಗಿಸಲು ಹೊರಗಿನ ಜಿಜಿಪ್ ಬಿಟ್ಟು ತನ್ನೊಳಗಿನದನ್ನೇ ಬಳಸಲು ಶುರು ಮಾಡಿತ್ತು. ಒಳಗಿನ ಕೋಡ್ ಅದೇ, ಬೈಟ್‌ಗಳು ಬೇರೆ. ಎಷ್ಟೋ ಬಿಲ್ಡ್‌ಗಳು ನಿಂತವು. ಗಿಟ್‌ಹಬ್ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ವ್ಯತ್ಯಾಸ ಕಂಡರೆ ಒಂದೊಂದು ಸಾಲನ್ನೂ ಓದಿ. ಮರೆತುಹೋದ ಒಂದು ಫೈಲ್ ಸೇರಿಸಿ, ಅದೇ ಹೆಸರಿನಲ್ಲಿ ಮತ್ತೆ ಏರಿಸುವ ಕೆಟ್ಟ ಅಭ್ಯಾಸ ಕೆಲವು ತಂತ್ರಾಂಶ ಲೇಖಕರಿಗಿದೆ. ಹೊಸ ಆವೃತ್ತಿ ಸಂಖ್ಯೆ ಕೊಡಿ ಎಂದು ಅವರಿಗೆ ಬರೆಯಿರಿ. ಒಪ್ಪದಿದ್ದರೆ, ಫೈಲ್ ಇಳಿಯುವ ಫೋಲ್ಡರ್ ಯಾವುದೆಂದು ಹೇಳುವ ಡಿಸ್ಟ್_ಸಬ್‌ಡಿರ್ ಬದಲಾಯಿಸಿ, ಇಲ್ಲದಿದ್ದರೆ ಬೇರೆಯವರ ಯಂತ್ರದಲ್ಲಿರುವ ಹಳೆಯ ಫೈಲ್ ಅಡ್ಡ ಬರುತ್ತದೆ. ಕಟ್ಟಿದ ಪ್ಯಾಕೇಜ್ ಬದಲಾಗುವುದಾದರೆ ಪೋರ್ಟ್‌ರಿವಿಜನ್ (ಪೋರ್ಟಿನ ಪರಿಷ್ಕರಣೆ ಸಂಖ್ಯೆ) ಕೂಡ ಏರಿಸಿ. ಆಮೇಲೆ ಬೇಕಾದರೆ ಮೇಕ್‌ಸಮ್.

ಆದರೆ ವ್ಯತ್ಯಾಸ ಇರುವುದು ಬಿಲ್ಡ್ ಮಾಡುವಾಗ ಓಡುವ ಕಾನ್ಫಿಗರ್ ಸ್ಕ್ರಿಪ್ಟಿನಲ್ಲೋ ಅದನ್ನು ತಯಾರಿಸುವ ಎಂ4 ಫೈಲಿನಲ್ಲೋ ಆಗಿದ್ದರೆ, ಲೇಖಕರಿಂದ ಕಾರಣ ಬರುವವರೆಗೆ ನಾನಂತೂ ಮುಟ್ಟುವುದಿಲ್ಲ. ಪೋರ್ಟ್ ವಾರಗಟ್ಟಲೆ ‘ಬ್ರೋಕನ್’ ಅಂತ ಇದ್ದರೂ ಪರವಾಗಿಲ್ಲ. ಎಕ್ಸ್‌ಝಡ್ ಎಂಬ ಕುಗ್ಗಿಸುವ ತಂತ್ರಾಂಶದ ಕಥೆ ನೆನಪಿದೆ ಅಲ್ವಾ? 5.6.0 ಮತ್ತು 5.6.1ರ ಟಾರ್‌ಬಾಲ್‌ಗಳಲ್ಲಿ ಒಂದು ಎಂ4 ಫೈಲ್ ಇತ್ತು, ಗಿಟ್‌ನಲ್ಲಿ ಅದು ಇರಲೇ ಇಲ್ಲ. ಹಿಂಬಾಗಿಲು ತೆರೆದಿದ್ದು ಅಲ್ಲಿಂದ. ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಬೆನ್ನುಹತ್ತಿದ್ದರಿಂದ 2024ರ ಮಾರ್ಚ್ 29ರಂದು ಅದು ಬಯಲಾಯಿತು. ಅದರ ಗುರಿ ಲಿನಕ್ಸ್ ಆಗಿತ್ತು ಅಂತ ನಾವು ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ಅಲ್ಲಿ ಚೆಕ್‌ಸಮ್ ಎಲ್ಲ ಕಡೆ ಸರಿಯಾಗಿಯೇ ಹೊಂದಿತ್ತು ಅನ್ನುವುದನ್ನೂ ಗಮನಿಸಿ. ಇದು ನೀವು ಆವತ್ತು ನೋಡಿದ ಫೈಲೇ ಎಂದು ಚೆಕ್‌ಸಮ್ ಹೇಳುತ್ತದೆ. ಒಳ್ಳೆಯ ಫೈಲ್ ಎಂದು ಹೇಳುವುದಿಲ್ಲ. ಆವತ್ತು ನೀವು ನೋಡಿದ್ದೀರಾ ಅನ್ನುವುದೇ ಮುಖ್ಯ. ಹಾಗಾಗಿ ಆವೃತ್ತಿ ಏರಿಸುವಾಗಲೂ ಟಾರ್‌ಬಾಲನ್ನು ಗಿಟ್‌ನಲ್ಲಿ ಆ ಆವೃತ್ತಿಗೆ ಹಾಕಿದ ಟ್ಯಾಗ್ ಜೊತೆ ಹೋಲಿಸಿ. ಬೇಜಾರಿನ ಕೆಲಸ, ಆದರೂ ಮಾಡಲೇಬೇಕು. ಇನ್ನು ‘ನೋ_ಚೆಕ್‌ಸಮ್ ಹಾಕಿ, ತಲೆನೋವೇ ಇಲ್ಲ’ ಎಂದು ವಿಡಿಯೋಗಳಲ್ಲಿ ಕಲಿಸುವ ಪಂಡಿತರಿದ್ದಾರೆ. ಅವರ ಮಾತು ಕೇಳಿ ಯಂತ್ರ ಹಾಳಾದರೆ ಸರಿಮಾಡಲು ಅವರು ಬರುವುದಿಲ್ಲ.

ಪ್ರಶ್ನೆ: ಹೊಸ ಆವೃತ್ತಿ ಪೋರ್ಟ್ಸ್‌ಗೆ ಸೇರಿದೆ, ಆದರೂ ಬಳಕೆದಾರರಿಗೆ ಹಳೆಯದೇ ಸಿಗುತ್ತಿದೆ. ನನ್ನನ್ನು ಬೈಯುತ್ತಿದ್ದಾರೆ.

ಅವರು ಇರುವುದು ಕ್ವಾರ್ಟರ್ಲಿ ಶಾಖೆಯಲ್ಲಿ. ಅದು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸದಾಗುತ್ತದೆ. ನಡುವೆ ಬರುವುದು ಹೆಚ್ಚಾಗಿ ಭದ್ರತೆಯ ತಿದ್ದುಪಡಿಗಳು. ಕಾಯಲಾರದವರು ‘ಲೇಟೆಸ್ಟ್’ ಶಾಖೆಗೆ ಹೋಗಲಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಯಿತು. ಕಳಿಸಿಬಿಡಲಾ?

ಪೋರ್ಟ್‌ಗಳನ್ನು ಪ್ರತ್ಯೇಕ ಜಾಗದಲ್ಲಿ ಕಟ್ಟಿ ನೋಡುವ ಪೂಡ್ರಿಯೇರ್‌ನಲ್ಲಿ ಆಗುವವರೆಗೆ ಬೇಡ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಇದ್ದ ಲೈಬ್ರರಿಗಳು ಅಲ್ಲಿನ ಖಾಲಿ ಜೈಲಿನಲ್ಲಿ (ಪ್ರತ್ಯೇಕಿಸಿದ ಜಾಗದಲ್ಲಿ) ಇರುವುದಿಲ್ಲ, ನೀವು ಪಟ್ಟಿ ಮಾಡಲು ಮರೆತ ಡಿಪೆಂಡೆನ್ಸಿ (ಬಿಲ್ಡ್‌ಗೆ ಬೇಕಾದ ಬೇರೆ ತಂತ್ರಾಂಶ) ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಲೇಖಕರು ಆವೃತ್ತಿ ಸಂಖ್ಯೆಯನ್ನು ಹಿಂದಕ್ಕೆ ಇಳಿಸಿದ್ದರಿಂದ, ಅದನ್ನೇ ಹೊಸದೆಂದು ಲೆಕ್ಕ ಹಾಕಿಸುವ ಪೋರ್ಟ್‌ಎಪಾಕ್ ಹಾಕಿದ್ದೆ. ಈಗ ತೆಗೆಯಬಹುದಾ?

ಇಲ್ಲ. ಒಮ್ಮೆ ಹಾಕಿದರೆ ಪೋರ್ಟ್ ಇರುವವರೆಗೂ ಅದು ಇರಬೇಕು. ತೆಗೆದರೆ ಪ್ಯಾಕೇಜ್ ಹಾಕುವ ಪಿಕೆಜಿ ನಿಮ್ಮ ಹೊಸ ಪ್ಯಾಕೇಜನ್ನು ಹಳೆಯದೆಂದು ಲೆಕ್ಕ ಹಾಕುತ್ತದೆ, ಯಾರಿಗೂ ಅಪ್‌ಡೇಟ್ ಸಿಗುವುದಿಲ್ಲ.