ಎರಡು ಗಿಟಾರಿನ ತಂಡಕ್ಕೆ: ಸಿಗಬೇಕಾದ ಹೆಸರು ಸಿಗದ ರಾಕ್ ಬ್ಯಾಂಡ್‌ಗಳು

ತಮ್ಮಾ, ಕಾರವಾರದಲ್ಲಿ ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್ ಇಟ್ಟುಕೊಂಡು ಬ್ಯಾಂಡ್ ಕಟ್ಟಿದ್ದೇವೆ, ಪಿಂಕ್ ಫ್ಲಾಯ್ಡ್, ಮೆಟಾಲಿಕಾ ಬಿಟ್ಟು ಹೆಚ್ಚು ಹೆಸರು ಮಾಡದ ಒಳ್ಳೆಯ ಬ್ಯಾಂಡ್ ಯಾವುದು, ಅದರಲ್ಲಿ ನಮ್ಮ ಕೈಲಾಗುವುದು ಯಾವುದು ಎಂದು ಕೇಳಿದ್ದೀಯ. ಎರಡನೇ ಪ್ರಶ್ನೆ ಹಿಡಿದೇ ಹೇಳುತ್ತೇನೆ. ದೊಡ್ಡವರ ರೆಕಾರ್ಡಿನಲ್ಲಿ ಗಿಟಾರಿನ ಮೇಲೆ ಗಿಟಾರ್ ಪದರ ಪದರವಾಗಿ ಕೂತಿರುತ್ತದೆ. ನಾಲ್ಕೇ ಜನ ನುಡಿಸಿದರೆ ಅದೇ ಹಾಡು ಬಡಕಲಾಗಿ ಕೇಳುತ್ತದೆ. ಕೆಳಗೆ ಹೇಳುವವರದ್ದು ನಾಲ್ಕು ಜನರಿಗೆ, ಮೂರೇ ಜನರಿಗೆ ಸಾಲುವ ಸಂಗೀತ.

ಮೊದಲು ವಿಶ್‌ಬೋನ್ ಆ್ಯಶ್. ಈ ತಂಡದ 1972ರ 'ಆರ್ಗಸ್' ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 3ನೇ ಜಾಗದವರೆಗೆ ಹೋಗಿತ್ತು. ಆದರೆ ಜೋಡಿ ಗಿಟಾರ್ ಅಂದರೆ ಈಗ ಎಲ್ಲರ ಬಾಯಲ್ಲೂ ಬರುವುದು ಐರನ್ ಮೇಡನ್. ಆ ದಾರಿಯನ್ನು ಮೊದಲು ತುಳಿದವರಲ್ಲಿ ಈ ತಂಡದ ಗಿಟಾರಿನವರಾದ ಆ್ಯಂಡಿ ಪವೆಲ್ ಮತ್ತು ಟೆಡ್ ಟರ್ನರ್ ಇದ್ದಾರೆ ಎಂಬುದು ಮರೆತೇಹೋಗಿದೆ. ನಿಮ್ಮ ತಂಡ ಕಲಿಯಬೇಕಾದ್ದು ಇವರ ಹಾರ್ಮನಿ, ಅಂದರೆ ಇಬ್ಬರೂ ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ನುಡಿಸಿ ಹೊಂದಿಸುವುದು. ಡಿ ಮೇಜರ್ ಹಿಡಿಯಿರಿ, ಅಂದರೆ ಡಿ ಸ್ವರವೇ ಷಡ್ಜ. ಒಬ್ಬ ಸ-ರಿ-ಗ-ಮ-ಪ ಹೋದರೆ ಇನ್ನೊಬ್ಬ ಅದೇ ಹೊತ್ತಿಗೆ ಗ-ಮ-ಪ-ಧ-ನಿ ಹೋಗಬೇಕು. ಎಲ್ಲರೂ ಎಡವುವುದು ಇಲ್ಲೇ. ಸ ಮತ್ತು ಗ ನಡುವೆ 4 ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಇದೆಯೆಂದು ಕೊನೆಯವರೆಗೂ 4 ಫ್ರೆಟ್ಟೇ ಅಂತರ ಇಡುತ್ತಾರೆ. ರಿ ಮತ್ತು ಮ ನಡುವೆ ಇರುವುದು 3. ಅಲ್ಲಿ 4 ಇಟ್ಟರೆ ಶುದ್ಧ ಮಧ್ಯಮದ ಜಾಗದಲ್ಲಿ ತೀವ್ರ ಮಧ್ಯಮ ಬೀಳುತ್ತದೆ. ಶಿರಸಿ ಕಡೆ ಹಾರ್ಮೋನಿಯಂ ಕೇಳಿ ಬೆಳೆದ ಕಿವಿಗೆ ಅದು ತಕ್ಷಣ ಚುಚ್ಚುತ್ತದೆ. ಸ-ಗ 4, ರಿ-ಮ 3, ಗ-ಪ 3, ಮ-ಧ 4, ಪ-ನಿ 4, ಧ-ಸ 3, ನಿ-ರಿ 3: ಇದನ್ನು ಬರೆದು ಎದುರಿಗೆ ಅಂಟಿಸಿಕೊಳ್ಳಿ. ಲಯ ತಟ್ಟುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ಶುರುಮಾಡಿ, ಮೂರು ಸಲ ತಪ್ಪಿಲ್ಲದೆ ಬಂದರೆ ಮಾತ್ರ 5 ಏರಿಸಿ. ಮೊದಲ ವಾರ ತಂತಿ ಎಳೆಯುವುದೂ ಬೇಡ, ನಡುಗಿಸುವುದೂ ಬೇಡ. ಇಬ್ಬರ ಎಳೆತ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅಪಸ್ವರವೇ.

ಇನ್ನೊಂದು, ದುಡ್ಡು ಉಳಿಸಲಿಕ್ಕೆಂದು ಎರಡೂ ಗಿಟಾರನ್ನು ಒಂದೇ ಆ್ಯಂಪಿಗೆ ಹಾಕಬೇಡಿ. ಡಿಸ್ಟಾರ್ಷನ್ (ದನಿಯನ್ನು ಒಡೆದು ಗಡುಸಾಗಿಸುವುದು) ಕೊಟ್ಟ ಕೂಡಲೇ ಎರಡು ಸ್ವರ ಒಂದರೊಳಗೊಂದು ಕಲಸಿ, ಯಾರೂ ನುಡಿಸದ ಮೂರನೆಯದೊಂದು ಗೊರಗೊರ ಹುಟ್ಟುತ್ತದೆ. 15 ವ್ಯಾಟಿನವು ಎರಡು ಇದ್ದರೆ ಅಭ್ಯಾಸಕ್ಕೆ ಧಾರಾಳ. ಡಿಸ್ಟಾರ್ಷನ್ ಏರಿಸುವ ಗೇನ್ ಗುಂಡಿಯನ್ನು ನೀವು ಇಡುವುದರ ಅರ್ಧಕ್ಕೆ ಇಳಿಸಿ. ಮನೆಯ ಮೆತ್ತಿನಲ್ಲಿ ಹಲಗೆ ನೆಲವಿದ್ದರೆ ಆ್ಯಂಪನ್ನು ನೆಲಕ್ಕೆ ತಾಗಿಸದೆ, ಕುರ್ಚಿಯ ಮೇಲೆ ದಪ್ಪ ಕಂಬಳಿ ಹಾಕಿ ಇಡಿ. ಇಲ್ಲದಿದ್ದರೆ ಹಲಗೆಯೇ ಗುಂಯ್‌ಗುಟ್ಟಿ ಬೇಸನ್ನು ನುಂಗುತ್ತದೆ.

ಹಾರ್ಮನಿ ಕೂತ ಮೇಲೆ ನ್ಯೂಯಾರ್ಕಿನ ಟೆಲಿವಿಷನ್ ಬ್ಯಾಂಡಿಗೆ ಬನ್ನಿ. 1977ರ 'ಮಾರ್ಕೀ ಮೂನ್' ಬ್ರಿಟನ್ನಿನಲ್ಲಿ 28ರವರೆಗೆ ಹೋದರೂ ಅಮೆರಿಕದ ಪಟ್ಟಿಗೆ ಬರಲೇ ಇಲ್ಲ. ಅದೇ ಹೆಸರಿನ ಹಾಡು 10 ನಿಮಿಷ ದಾಟುತ್ತದೆ. ಅದನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಿದರೆ ಪ್ರಯೋಜನವಿಲ್ಲ, ಹೆಡ್‌ಫೋನ್ ಹಾಕಿ. ಒಂದು ಕಿವಿಗೆ ಒಂದು ಗಿಟಾರ್, ಇನ್ನೊಂದಕ್ಕೆ ಇನ್ನೊಂದು. ಒಂದು ಸಲ ಎಡಗಿವಿ ಮಾತ್ರ, ಇನ್ನೊಂದು ಸಲ ಬಲಗಿವಿ ಮಾತ್ರ ಕೇಳಿ ನೋಡಿ. ಬಿಡಿಬಿಡಿಯಾಗಿ ಎರಡೂ ಸರಳ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಚಂಡೆಯ ಪೆಟ್ಟಿನ ಸಂದಿನಲ್ಲಿ ಮದ್ದಳೆ ಮಾತಾಡುವ ಹಾಗೆ, ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ನುಡಿಸುತ್ತಾನೆ. ನುಡಿಸುವಾಗ, ತಂತಿಯ ದನಿ ಹಿಡಿಯುವ ಪಿಕಪ್‌ಗಳಲ್ಲಿ ಒಬ್ಬ ಬ್ರಿಡ್ಜ್ ಪಿಕಪ್ (ತಂತಿಯ ಬುಡದ್ದು), ಇನ್ನೊಬ್ಬ ನೆಕ್ ಪಿಕಪ್ (ಕತ್ತಿನ ಹತ್ತಿರದ್ದು) ಇಟ್ಟುಕೊಳ್ಳಿ. ಡಿಸ್ಟಾರ್ಷನ್ ಬೇಡವೇ ಬೇಡ.

ಪರೀಕ್ಷೆಯೆಂದು ಒಬ್ಬ ಗಿಟಾರಿನವ ಬಾರದ ದಿನಕ್ಕೆ ಕಾರ್ಡಿಫ್‌ನ ಬಡ್ಜಿ ಇದೆ, ಮೂವರದ್ದೇ ತಂಡ. ಬರ್ಕ್ ಶೆಲ್ಲಿ ಹಾಡುತ್ತಲೇ ಬೇಸ್ ನುಡಿಸುತ್ತಿದ್ದ. 1973ರ 'ಬ್ರೆಡ್‌ಫ್ಯಾನ್' ಇವರದ್ದೇ ಹಾಡು, ಆದರೆ ಬಹಳ ಮಂದಿಗೆ ಗೊತ್ತಿರುವುದು ಮೆಟಾಲಿಕಾದ ಹಾಡಾಗಿ. ಅವರು ಇದನ್ನು ನುಡಿಸಿದ್ದು 1988ರಲ್ಲಿ. ಮೂಲ ಕೇಳಿ, ಅರ್ಧ ವೇಗದಿಂದ ಕಲಿಯಿರಿ.

ಕರೆಂಟು ಹೋದಾಗ ಮೆಂಫಿಸ್‌ನ ಬಿಗ್ ಸ್ಟಾರ್. 1972ರ ಅವರ ಮೊದಲ ಆಲ್ಬಮ್ಮನ್ನು ವಿಮರ್ಶಕರು ಹೊಗಳಿದರು, ಆದರೆ ವಿತರಣೆ ಕೆಟ್ಟು ಅಂಗಡಿಗೆ ಮಾಲೇ ಸರಿಯಾಗಿ ತಲುಪಲಿಲ್ಲ. ಓದಿ ಕೊಳ್ಳಲು ಹೋದವರು ಬರಿಗೈಲಿ ಬಂದರು. ಸಂಗೀತದ ಕೊರತೆಯಿಂದಲ್ಲ, ಲಾರಿ ಬಾರದ್ದರಿಂದ ಸೋತ ಬ್ಯಾಂಡ್ ಅದು! ಅದರಲ್ಲಿರುವ 'ಥರ್ಟೀನ್'ಗೆ ಡ್ರಮ್ಸ್ ಇಲ್ಲ, ಅಕೌಸ್ಟಿಕ್ ಗಿಟಾರ್ ಮತ್ತು ದನಿ ಸಾಕು.

ನಮ್ಮ ಕಡೆಯವರಲ್ಲಿ ಕೊಚ್ಚಿಯ ಮದರ್‌ಜೇನ್, ಅವರ 2008ರ 'ಮಕ್ತೂಬ್' ಆಲ್ಬಮ್ ಕೇಳದೆ ಬಿಡಬೇಡಿ. ಅದರಲ್ಲಿ ಗಿಟಾರ್ ನುಡಿಸಿದ ಬೈಜು ಧರ್ಮಜನ್ ಕರ್ನಾಟಕ ಸಂಗೀತದ ಗಮಕವನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದ ರೀತಿಗೆ ಇನ್ನೂ ತಕ್ಕ ಹೆಸರು ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಭ್ಯಾಸಕ್ಕೆ ಮೂರನೇ ತಂತಿ ಒಂದೇ ಸಾಕು: ಸ್ವರದಿಂದ ಸ್ವರಕ್ಕೆ ಬೆರಳೆತ್ತದೆ ಜಾರಿ, ಮೀಟುವುದು ಮೊದಲ ಸ್ವರಕ್ಕೆ ಮಾತ್ರ. ಬೆರಳು ತಡೆದರೆ ತಂತಿ ನೋಡಿ. ಕಡಲ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿದು ತರಿತರಿಯಾಗುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿಯೂ ತಪ್ಪುತ್ತದೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿಬಟ್ಟೆಯಲ್ಲಿ ಅಡಿಮೇಲಾಗಿ ಒರೆಸಿ, ಗಿಟಾರ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬೆಂಗಳೂರಿನ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಕೂಡ ಕೇಳಿ, ಆದರೆ ಅವರ ತಾಳದ ಲೆಕ್ಕ ಕಷ್ಟ, ಈ ವರ್ಷ ಕೇಳುವುದಕ್ಕಷ್ಟೇ ಇರಲಿ.

'ಆರ್ಗಸ್'ನಿಂದ ಶುರುಮಾಡಿ. ಹಾರ್ಮನಿಯ ಒಂದು ಸಾಲು ಕೂತ ಮೇಲೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಹಾಕಿ. ಎಲ್ಲಿ 3 ಬೇಕಿತ್ತು, ಎಲ್ಲಿ 4 ಬಿತ್ತು ಎಂದು ಕೇಳಿ ಹೇಳುತ್ತೇನೆ.