ಪ್ರವಾಹಕ್ಕೆ ದುಡ್ಡು ಮೊದಲೇ ಎತ್ತಿಟ್ಟಿರ್ತಾರಾ?

ನದಿ ದಡದ ತಾಲ್ಲೂಕುಗಳಲ್ಲಿ ಪ್ರವಾಹದ ಖರ್ಚಿಗೆ ಅಧಿಕಾರಿಗಳು ಮೊದಲೇ ಬಜೆಟ್ ಮಾಡಿಟ್ಟಿರ್ತಾರಾ ಅಂತ ಕೇಳಿದ್ದೀರಿ. ಕೃಷ್ಣಾ ತೀರದಲ್ಲಿ ಕಂದಾಯ ಇಲಾಖೆ ಕೆಲಸ ಮಾಡಿದವನು ನಾನು. ನೀವಂದುಕೊಂಡ ಹಾಗೆ ತಹಶೀಲ್ದಾರರು ಕೂತು ‘ಈ ವರ್ಷ ಪ್ರವಾಹಕ್ಕೆ ಇಷ್ಟು’ ಅಂತ ಬರೆಯೋದಿಲ್ಲ.

ದುಡ್ಡು ಬರೋದು ರಾಜ್ಯದ ವಿಪತ್ತು ನಿಧಿಯಿಂದ, ಎಲ್ಲರೂ ಎಸ್‌ಡಿಆರ್‌ಎಫ್ ಅನ್ನೋದು ಅದನ್ನೇ. ಕರ್ನಾಟಕದಲ್ಲಿ ಅದಕ್ಕೆ ಕೇಂದ್ರದ ಪಾಲು ಶೇ. 75, ಉಳಿದಿದ್ದು ರಾಜ್ಯದ್ದು. ಅದು ಡಿಸಿ ಪಿ.ಡಿ. ಖಾತೆಗೆ, ಅಂದ್ರೆ ಖಜಾನೆಯಲ್ಲಿ ಡಿಸಿ ಹೆಸರಲ್ಲಿರೋ ಠೇವಣಿ ಖಾತೆಗೆ ಬಂದು, ಅಲ್ಲಿಂದ ತಹಶೀಲ್ದಾರರ ಖಾತೆಗೆ ಇಳಿಯುತ್ತೆ. ಬಂತು ಅಂತ ಇಷ್ಟ ಬಂದ ಹಾಗೆ ಖರ್ಚು ಮಾಡೋಕಾಗಲ್ಲ, ದರ ಗೊತ್ತುಮಾಡಿಟ್ಟಿದ್ದಾರೆ: 2022ರ ಮಾರ್ಗಸೂಚಿ ಪ್ರಕಾರ ಜೀವ ಹೋದರೆ 4 ಲಕ್ಷ, ಗುಡ್ಡಗಾಡಲ್ಲದ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್ ತನಕ, ಹಾನಿ ಕನಿಷ್ಠ ಶೇ. 33 ಇದ್ದರೆ ಮಾತ್ರ. ಇದಕ್ಕಿಂತ ಜಾಸ್ತಿ ಕೊಡಬೇಕಂದ್ರೆ ರಾಜ್ಯ ತನ್ನ ಕೈಯಿಂದ ಹಾಕಬೇಕು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಿಸಿದ್ದು ಹಾಗೆ.

ತಾಲ್ಲೂಕಿನಲ್ಲಿ ನಿಜವಾಗಿ ಪ್ಲಾನ್ ಆಗೋದು ಮಳೆಗಾಲದ ಮುಂಚಿನ ಸಭೆಯಲ್ಲಿ. ಹಿಂದಿನ ಸಲ ಯಾವ್ಯಾವ ಊರಿಗೆ ನೀರು ನುಗ್ಗಿತ್ತು, ಕಾಳಜಿ ಕೇಂದ್ರಕ್ಕೆ ಯಾವ ಶಾಲೆ, ಅದರ ಬೀಗದ ಕೈ ಯಾರ ಹತ್ರ, ಬೋಟ್ ಯಾರದ್ದು, ಜೆಸಿಬಿ ಯಾರದ್ದು, ಈಜು ಬಲ್ಲ ಹುಡುಗರ ನಂಬರು, ದನಗಳಿಗೆ ಮೇವು ಎಲ್ಲಿಂದ, ಇದೆಲ್ಲ ಊರೂರಿನ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ನೀರು ಬಂದ ರಾತ್ರಿ ಅಕ್ಕಿ ಬೇಳೆ ಬರೋದು ಗೊತ್ತಿರೋ ಅಂಗಡಿಯಿಂದ, ಉದ್ರಿಯಲ್ಲಿ. ಬಿಲ್ಲು ಆಮೇಲೆ. ಆ ಅಂಗಡಿಯವನಿಗೆ ಹೋದ ವರ್ಷದ ಬಾಕಿ ಕೊಟ್ಟಿಲ್ಲ ಅಂದ್ರೆ ಕಥೆ ಮುಗೀತು ಅಲ್ವಾ!

ನನ್ನ ತಕರಾರು ಇರೋದು ಬೇರೆ ಕಡೆ. ಮನೆ ಬಿದ್ದ ಮೇಲೆ ಕೊಡೋಕೆ ದುಡ್ಡಿದೆ, ಬೀಳದ ಹಾಗೆ ಚರಂಡಿ ಸರಿಮಾಡಿಸೋಕೆ ಪಂಚಾಯ್ತಿ ಬೇರೆ ಅನುದಾನ ಹುಡುಕಬೇಕು. ಕೇಂದ್ರದ ದುಡ್ಡು ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳೋ ಹಣಕಾಸು ಆಯೋಗಗಳಲ್ಲಿ 15ನೆಯದು 2021-26ರ ವಿಪತ್ತು ಹಣದಲ್ಲಿ ಶೇ. 20ನ್ನು ಹಾನಿ ತಗ್ಗಿಸೋ ಕೆಲಸಕ್ಕೇ ಅಂತ ಬೇರೆ ಇಟ್ಟಿತು, ಒಳ್ಳೇದೇ. ಆದರೆ ಅದಕ್ಕೆ ಪ್ರಸ್ತಾವನೆ ಕೆಳಗಿಂದ ಹೋಗಬೇಕಲ್ಲ? ನಿಮ್ಮೂರ ಗ್ರಾಮ ಸಭೆಯಲ್ಲಿ ಮೊದಲು ಅದನ್ನೇ ಕೇಳಿ, ಪಿಡಿಒ ಉತ್ತರ ನಡಾವಳಿಯಲ್ಲಿ ಬರೆಸಿ. ಪಿ.ಡಿ. ಖಾತೆಯಲ್ಲಿ ಎಷ್ಟಿದೆ ಅನ್ನೋದಕ್ಕೆ ಡಿಸಿ ಕಚೇರಿಗೆ ಒಂದು ಆರ್‌ಟಿಐ ಅರ್ಜಿ ಸಾಕು.